ಮೋಡದ ದಿನ ಕಳಿಸಿದ ಬಿಸಿಲಿನ ಫೋಟೋ

ಮೋಡ ಕಂಡರೆ ಊರೆಲ್ಲ ಹಿಗ್ಗುತ್ತದೆ. ಒಣದ್ರಾಕ್ಷಿ ಮಾಡುವ ನಾವು ಮಾತ್ರ ಜೀವ ಕೈಯಲ್ಲಿ ಹಿಡಿದು ಕೂಡುತ್ತೇವೆ. ಅದರಲ್ಲೂ ಬೇಸಿಗೆಯ ಅಕಾಲದ ಮೋಡ ಎಂದರೆ ನನಗೆ ಊಟ ಸೇರುವುದಿಲ್ಲ. ಅವತ್ತು ಬೆಳಿಗ್ಗೆ ವಿಜಯಪುರದಲ್ಲಿ ತಿಕೋಟಾದ ಬಸ್ಸು ಹತ್ತುವಾಗಲೇ ಪಡುವಣ ದಿಕ್ಕು ಕಪ್ಪಗಿತ್ತು. ಇಟ್ಟಂಗಿಹಾಳದ ಹೊಲಗಳ ಹತ್ತಿರ ನಾಲ್ಕು ಹನಿ ಬಿದ್ದು ಬಸ್ಸಿನ ಗಾಜೆಲ್ಲ ರಾಡಿಯಾಯಿತು. ಪಕ್ಕದ ಸೀಟಿನ ಹೆಂಗಸು, "ತಂಪಾತ್ ನೋಡ್ರಿ, ಚಲೋ ಆತು" ಎಂದಳು. "ಏನ್ ಚಲೋ ಆತ್ ಬೇ, ಮಣ್ಣು!" ಎಂದು ಸಿಡುಕಿದೆ. ಪಾಪ, ಅವಳು ಸೆರಗು ಎಳೆದುಕೊಂಡು ಆಚೆ ತಿರುಗಿದಳು. ನನಗೆ ಹೆದರಿಕೆಯಾದರೆ ಮೊದಲು ಬರುವುದು ಸಿಟ್ಟು. ಸಾರವಾಡದ ನಮ್ಮ ತವರು ಮನೆಯವರಿಗೆಲ್ಲ ಇದು ಗೊತ್ತಿದೆ, ಬಸ್ಸಿನವರಿಗೆ ಹೇಗೆ ಗೊತ್ತಾಗಬೇಕು?

ಫೋನಿನಲ್ಲಿ, ನಮ್ಮ ಬೆಳೆಗಾರರ ಗುಂಪಿಗೆ ಹಿಂದಿನ ಸಂಜೆ ತಿಕೋಟಾದಿಂದ ಬಂದಿದ್ದ ಒಂದು ಫೋಟೋವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ನಮ್ಮ ಸುರಂಗದ ಬಿಳಿ ಹಾಳೆಯ ಮೇಲೆ ಬಿಸಿಲು ಫಳಫಳ ಹೊಳೆಯುತ್ತಿತ್ತು. ಕೆಳಗೆ "ಎಲ್ಲಾ ಆರಾಮ" ಎಂದು ಬರೆದಿತ್ತು. ವಿಜಯಪುರದಲ್ಲಿ ಹಿಂದಿನ ದಿನವಿಡೀ ಮೋಡ ಮುಚ್ಚಿಕೊಂಡಿತ್ತು. ಇರಲಿ, ಊರಿಂದೂರಿಗೆ ಮೋಡ ಬೇರೆಯಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸುರಂಗ ಎಂದರೆ ನೆಲದೊಳಗಿನದಲ್ಲ. ಕಬ್ಬಿಣದ ಕಮಾನುಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ಜಾಳಿಗೆಯ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಗೆ ಬಾಗಿಲಿಟ್ಟು, ಬಿಸಿಲಿನ ಕಾವನ್ನು ಸೌರ ಬ್ಯಾಟರಿಯ ಫ್ಯಾನುಗಳಿಂದ ಒಳಗೆ ಓಡಾಡಿಸುವ ಯಂತ್ರ ಅದು. ನಮ್ಮ ತೆರೆದ ಶೆಡ್ಡಿನಲ್ಲಿ ಎರಡು ವಾರ ಹಿಡಿಯುವ ಒಣಗಿಸುವ ಕೆಲಸ ಅದರಲ್ಲಿ ಒಂದೇ ವಾರಕ್ಕೆ ಮುಗಿಯಬೇಕು. ಮಾಡಿದವರು ಗಡಿಯಾಚೆ, ಮಹಾರಾಷ್ಟ್ರದ ಜತ್ತ ತಾಲೂಕಿನ ಒಬ್ಬ ಎಂಜಿನಿಯರ್. ಅಲ್ಲಿನ ದ್ರಾಕ್ಷಿ ಬೆಳೆಗಾರರ ಸಂಘ, ನಮ್ಮ ತಿಕೋಟಾದ ಬೆಳೆಗಾರರ ಸಂಘ ಎರಡೂ ಸೇರಿ ಒಂದೇ ಹೆಸರಿನಲ್ಲಿ, ಗಂಧಕ ಮುಟ್ಟಿಸದ ಒಣದ್ರಾಕ್ಷಿ ಮಾಡಬೇಕೆಂದು ಹೊರಟಿದ್ದೆವು. ಮಕ್ಕಳ ತಿನಿಸು ತಯಾರಿಸುವ ಒಬ್ಬ ಖರೀದಿದಾರರು ಮಾದರಿ ಕೇಳಿದ್ದರು. ಮಾದರಿ ಒಪ್ಪಿಗೆಯಾದರೆ ಗಡಿಯ ಹತ್ತಿರ ಎರಡೂ ಕಡೆಯವರಿಗೆ ಸೇರಿ ಒಂದು ಕೇಂದ್ರ, ಇಲ್ಲವಾದರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ. ನಮ್ಮ ಕಡೆಯ ತಾಂತ್ರಿಕ ಕೆಲಸವೆಲ್ಲ ನನ್ನ ತಲೆಯ ಮೇಲಿತ್ತು.

ಗಂಧಕದ ಮಾತು ಇಲ್ಲಿಯೇ ಹೇಳಿಬಿಡಬೇಕು. ಒಣದ್ರಾಕ್ಷಿ ಬಂಗಾರದ ಬಣ್ಣಕ್ಕೆ ತಿರುಗಲಿ, ಮೋಡ ಬಂದಾಗ ಬೂಷ್ಟು ಹಿಡಿಯದಿರಲಿ ಎಂದು ತಟ್ಟೆಗಳ ಕೆಳಗೆ ಗಂಧಕ ಸುಟ್ಟು ಹೊಗೆ ಕೊಡುವುದು ಗಡಿಯ ಈಚೆಗೂ ಆಚೆಗೂ ರೂಢಿ. ಮೋಡ ಕಂಡರೆ ಕೈ ತಾನಾಗಿ ಗಂಧಕದ ಡಬ್ಬಿಗೆ ಹೋಗುತ್ತದೆ. ಮೊದಲ ಸಭೆಯಲ್ಲಿ ಎಂಜಿನಿಯರ್ ಮೇಜು ಕುಟ್ಟಿ, "ಗಂಧಕ ಲಾವಲಂ ಕೀ ಸಂಪಲಂ" ಎಂದಿದ್ದರು. ಗಂಧಕ ಹಚ್ಚಿದಿರೋ, ಅಲ್ಲಿಗೆ ಮುಗೀತು. ಎಲ್ಲರೂ ತಲೆಯಾಡಿಸಿದ್ದೆವು. ಫ್ಯಾನು ನಿಂತರೆ ಏನು ಮಾಡಬೇಕೆಂಬುದಕ್ಕೂ ನಿಯಮವಿತ್ತು. ಎರಡೂ ಬಾಗಿಲು ತೆರೆದು, ತಕ್ಷಣ ಫೋನಿನ ಗುಂಪಿನಲ್ಲಿ ತಿಳಿಸುವುದು. ಎಂಜಿನಿಯರ್ ತಮ್ಮ ವರ್ಕ್‌ಶಾಪಿನಿಂದ ಜನರೇಟರ್ ತರುವುದು.

ಅದೇ ಸಭೆಯಲ್ಲಿ ಯಾರೋ ತಮಾಷೆಗೆ ಅಂದ ಮಾತೊಂದನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಬಿಟ್ಟರು. ಆಚೆಯ ಹಣ್ಣು ನಮ್ಮ ಸುರಂಗದಲ್ಲಿ ಒಣಗಬೇಕು, ನಮ್ಮ ಹಣ್ಣು ಆಚೆಯ ಸುರಂಗದಲ್ಲಿ. ಆಗ ಯಾರೂ ಯಾರ ಮಾಲನ್ನೂ ಕಡೆಗಣಿಸುವುದಿಲ್ಲ. "ಕೊಟ್ಟು ತಗೊಳ್ಳೋ ಸಂಬಂಧ ಆತು ಬಿಡ್ರಿ" ಎಂದು ನಕ್ಕಿದ್ದೆವು. ನಮ್ಮ ಕಡೆ ಸುರಂಗವಿದ್ದದ್ದು ತಿಕೋಟಾದ ಹೊರಗಿನ ಒಬ್ಬ ಹಿರಿಯ ಬೆಳೆಗಾರರ ತೋಟದಲ್ಲಿ. ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತೇವೆ. ಅವರ ತೋಟದ ಒಳ್ಳೆಯ ಹಣ್ಣೆಲ್ಲ ಆಚೆಯ ಒಬ್ಬ ಹೆಣ್ಣುಮಗಳ ಸುರಂಗಕ್ಕೆ ಹೋಗಿತ್ತು. ಆಕೆ ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ಮಾಡಿಕೊಂಡು ಬಂದವರು. ಆಕೆಯ ಹಣ್ಣು ಯಜಮಾನರ ಸುರಂಗದಲ್ಲಿತ್ತು.

ತೋಟದ ದಾರಿಯಲ್ಲಿ ನಡೆಯುವಾಗಲೇ ಗಂಟಲು ಕೆರೆಯಿತು. ಬೇಲಿ ದಾಟುವಷ್ಟರಲ್ಲಿ ಕಣ್ಣಿನಲ್ಲಿ ನೀರು ಬಂತು. ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಕಡ್ಡಿಪೆಟ್ಟಿಗೆ ಪೂರ್ತಿ ಒಮ್ಮೆಲೇ ಹೊತ್ತಿದ ಹಾಗಿರುತ್ತದೆ. ಕಾಲು ನಿಂತುಬಿಟ್ಟಿತು. ಬೇರೆ ಶೆಡ್ಡಿನದಿರಬಹುದು, ಪಕ್ಕದ ತೋಟದ್ದಿರಬಹುದು ಎಂದು ಸುತ್ತಲೂ ನೋಡಿದೆ. ಪಕ್ಕದ ತೋಟದ ಶೆಡ್ಡು ಖಾಲಿಯಿತ್ತು.

ಯಜಮಾನರು ಸುರಂಗದ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಯಾವಾಗಲೂ ನಿಲ್ಲುವವರು.

"ಏನ್ ವಾಸನೀರಿ ಇದು?" ಎಂದೆ.

"ನೀವು ಶಾಣೇರದೀರಿ. ನಿಮಗೇನ್ ಹೇಳೂದೈತಿ?"

"ಬಾಯಿ ಬಿಟ್ಟು ಹೇಳ್ರಿ. ಹಚ್ಚೀರೇನು?"

"ಹಚ್ಚೀನ್ರಿ."

ನನ್ನ ಬಾಯಿ ಶುರುವಾಯಿತು. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ತಂದೆಯ ವಯಸ್ಸಿನವರು ಎಂಬುದನ್ನೂ ನೋಡಲಿಲ್ಲ. ಫೋನು ಇತ್ತಲ್ಲ, ಕೈ ಮುರಿದಿತ್ತೇ, ಗುಂಪಿನಲ್ಲಿ ಬಿಸಿಲಿನ ಫೋಟೋ ಹೇಗೆ ಬಂತು, ಯಾರಿಗೆ ಟೊಪ್ಪಿಗೆ ಹಾಕಲು ಹೊರಟಿದ್ದೀರಿ ಎಂದು ಒದರಿದೆ. ಅವರು ತಲೆ ಬಗ್ಗಿಸಿ ಕೇಳಿದರು. ನನ್ನ ಉಸಿರು ಮುಗಿದ ಮೇಲೆ ಮೆಲ್ಲಗೆ ಹೇಳಿದರು.

"ಮೊನ್ನಿ ಮಧ್ಯಾನಕ್ಕ ಮ್ವಾಡ ಹಾಕ್ತ್ರಿ. ಬ್ಯಾಟರಿ ಸತ್ತು ಫ್ಯಾನ್ ನಿಂತ್ವು. ನಿನ್ನೆ ನೋಡ್ತೇನಿ, ಒಳಗ ಹಾಳ್ಯಾಗಿಂದ ನೀರು ತೊಟ್ಟಿಕ್ಕಾಕತ್ತಿತ್ತು. ಹಣ್ಣಿಗೆ ಕೈ ಹಚ್ಚಿದ್ರ ಬೆವತಿದ್ವು. ಬಾಗಲಾ ತಗದೆ, ಹೊರಗಿನ ಗಾಳಿನೂ ಹಸೀನ. ಇನ್ನೊಂದ್ ಒಪ್ಪತ್ತು ಬಿಟ್ರ ಬೂಷ್ಟು ಹಿಡೀತಿದ್ವು. ಕೈ ಕೇಳಲಿಲ್ರಿ."

"ಫೋನ್ ಯಾಕ ಮಾಡ್ಲಿಲ್ಲ?"

"ಅವರ ಕಡಿ ಬಿಸಲ ಫೋಟೋ ಬಂದಿತ್ತು. ನಮ್ಮ ಕಡೀದೊಂದ ಕೆಟ್ಟೈತಿ ಅಂತ ಹೆಂಗ್ ಹೇಳ್ಲಿ? ತಿಕೋಟಾದವ್ರ ಕೈಲಿ ಆಗಲಿಲ್ಲ ಅಂತಾರ. ಹಳೇ ಫೋಟೋ ಇತ್ತು, ಕಳಿಸಿಬಿಟ್ಟೆ."

ಅಷ್ಟರಲ್ಲಿ ನನ್ನ ಕಣ್ಣು ಆಚೆ ಅವರ ಹಳೆಯ ತೆರೆದ ಶೆಡ್ಡಿನ ಮೇಲೆ ಹೋಯಿತು. ಅಲ್ಲಿ ಅವರ ಉಳಿದ ಹಣ್ಣು ಹರಡಿತ್ತು. ಗಾಳಿ ಬಂದ ಕಡೆಯ ತಾಡಪತ್ರಿ ಹಾರಿಹೋಗಿತ್ತು. ಕೆಳಗಿನ ಜಾಳಿಗೆಗಳು ಒದ್ದೆಯಾಗಿ ಹಣ್ಣು ಅಲ್ಲಲ್ಲಿ ಕಪ್ಪಾಗಿತ್ತು. ಹತ್ತಿರ ಹೋಗಿ ಮೂಸಿದೆ. ಗಂಧಕದ ಸುಳಿವೇ ಇಲ್ಲ, ಹುಳಿ ವಾಸನೆ.

"ನಿಮ್ಮವಕ್ಕ ಯಾಕ ಹಚ್ಚಲಿಲ್ಲ ಮತ್ತ?" ಎಂದೆ.

ಯಜಮಾನರು ನನ್ನನ್ನು ವಿಚಿತ್ರವಾಗಿ ನೋಡಿದರು, ಇದೂ ಕೇಳುವ ಮಾತೇ ಎಂಬಂತೆ. "ತಾಡಪತ್ರಿ ಹಿಡ್ಯಾಕ ಹೋದ್ರ ಸುರಂಗ ಯಾರು ನೋಡ್ಬೇಕ್ರಿ? ಮೊದಲ ಮಂದಿ ಮಾಲು ನೋಡ್ಬೇಕಲ್ಲ. ನಂಬಿ ಇಟ್ಟಾರ."

ಸಿಟ್ಟು ಹೋದ ಜಾಗದಲ್ಲಿ ಬರೀ ಹೆದರಿಕೆ ಉಳಿಯಿತು, ಅದು ಇನ್ನೂ ಕೆಟ್ಟದ್ದು.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎರಡೂ ಬಾಗಿಲು ತೆರೆದೆವು. ಹೊಗೆ ಹೊರಗೆ ಹೋಗಲು ಬಿಟ್ಟು ದೂರ ನಿಂತೆವು. ಆಮೇಲೆ ಒಳಗೆ ಹೋಗಿ ಮೇಲಿನ, ನಡುವಿನ, ಕೆಳಗಿನ ತಟ್ಟೆಗಳಿಂದ ಬೇರೆಬೇರೆಯಾಗಿ ಒಂದೊಂದು ಹಿಡಿ ತೆಗೆದುಕೊಂಡೆ. ಹಣ್ಣು ಅರೆ ಒಣಗಿತ್ತು. ನೋಡಲು ಎಷ್ಟು ಚಂದ ಅಂತೀರಿ! ಜೇನಿನ ಬಣ್ಣ, ಒಂದೇ ಒಂದು ಕಪ್ಪು ಕಾಳಿಲ್ಲ. ಪ್ರತಿ ಮಾದರಿಯನ್ನೂ ಜಜ್ಜಿ ಶುದ್ಧ ನೀರಿನಲ್ಲಿ ನೆನೆಸಿದೆ. ಗಂಧಕದ ಅಂಶ ತೋರಿಸುವ ಪರೀಕ್ಷೆಯ ಪಟ್ಟಿಗಳು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ಬಿಳಿ ಪಟ್ಟಿ ಬಿಳಿಯಾಗಿಯೇ ಉಳಿದರೆ ನಾವು ಬದುಕಿದೆವು. ಮೇಲಿನ ತಟ್ಟೆಯ ಪಟ್ಟಿ ಗುಲಾಬಿಯಾಯಿತು. ನಡುವಿನದೂ ಆಯಿತು. ಕೆಳಗಿನದು ಇಟ್ಟಂಗಿ ಕೆಂಪಿಗೆ ತಿರುಗಿತು. ಇನ್ನೊಮ್ಮೆ ಮಾಡಿದೆ. ಅದೇ ಬಣ್ಣ.

ಈಗ ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಬಂತು. ಬಿಸಿಲು ಬಂದ ಮೇಲೆ ಚೆನ್ನಾಗಿ ಗಾಳಿಗೆ ಬಿಟ್ಟರೆ, ಒಣಗಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದರೆ, ಅಂಶ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಹೇಳಲಾಗದು, ಆದರೆ ಇಳಿಯುತ್ತದೆ. ಖರೀದಿದಾರರ ಮನುಷ್ಯ ಮಾದರಿ ಒಯ್ಯಲು ಬರುವುದಕ್ಕೆ ಇನ್ನೂ ದಿನಗಳಿದ್ದವು. ಗೊತ್ತಿದ್ದವರು ನಾವಿಬ್ಬರೇ. ಗುಂಪಿನಲ್ಲಿ "ಎಲ್ಲಾ ಆರಾಮ" ಎಂದು ನಾನೂ ಬರೆಯಲು ಶುರು ಮಾಡಿದೆ. ಸುಳ್ಳು ಹೇಳುವುದು ಎಷ್ಟು ಸಲೀಸು! ಬೆರಳು ಕಳಿಸುವ ಗುಂಡಿಯ ಮೇಲಿತ್ತು.

ಆಗ ಮೇಲಿನ ಫೋಟೋ ಕಣ್ಣಿಗೆ ಬಿತ್ತು, ಆ ಬಿಸಿಲಿನ ಫೋಟೋ. ನಿನ್ನೆ ಸಂಜೆಯಿಂದ ಅದನ್ನು ಎಷ್ಟು ಸಲ ನೋಡಿದ್ದೆ, ಎಷ್ಟು ಆಸೆಯಿಂದ ನಂಬಿದ್ದೆ. ಆ ಫೋಟೋ ಬರದಿದ್ದರೆ ನಾನು ನಿನ್ನೆಯೇ ಓಡಿ ಬರುತ್ತಿದ್ದೆ, ಜನರೇಟರ್ ಬರುತ್ತಿತ್ತು, ಗಂಧಕದ ಪ್ರಸಂಗವೇ ಇರುತ್ತಿರಲಿಲ್ಲ. ಈಗ ನಾನೂ ಒಂದು ಅಂಥದ್ದೇ ಕಳಿಸಿದರೆ ಆಚೆಯ ಆ ಹೆಣ್ಣುಮಗಳು ಅದನ್ನು ನಂಬುತ್ತಾರೆ. ನಾಳೆ ಯಾವುದೋ ಪ್ರಯೋಗಶಾಲೆಯಲ್ಲಿ ಸಿಕ್ಕಿಬಿದ್ದರೆ ಅವರ ಹೆಸರೂ ಹೋಗುತ್ತದೆ, ಅದೂ ಅವರ ತಪ್ಪಿಲ್ಲದೆ. ಬರೆದದ್ದನ್ನು ಅಳಿಸಿದೆ.

"ಜತ್ತ ಕಡೆ ಹೋಗಿ ಎದುರಾಎದುರು ಹೇಳಿಬರ್ತೇನಿ. ಫೋನಿನ್ಯಾಗ ಹೇಳೂ ಮಾತಲ್ಲ ಇದು" ಎಂದೆ.

"ನಾನೂ ಬರ್ತೇನಿ."

"ನೀವ್ಯಾಕ? ಅಲ್ಲೆ ಮಂದಿ ಮುಂದ ಬೈಸಿಗೋಳಾಕ?"

"ಹಚ್ಚಿದಾವ ನಾನು. ಬೈಸಿಗೊಳ್ಳೂದು ನೀವಾದ್ರ ಹೆಂಗ?" ಎಂದು ಯಜಮಾನರು ಒಳಗೆ ಹೋಗಿ ತಲೆಗೆ ಪಟಗ ಸುತ್ತಿಕೊಂಡು ಬಂದರು. ಕರವಸ್ತ್ರದಲ್ಲಿ ಸುರಂಗದ ಒಂದು ಹಿಡಿ ಹಣ್ಣು ಕಟ್ಟಿಕೊಂಡಿದ್ದರು. ಅವರ ಹಳೆಯ ಜೀಪಿನಲ್ಲಿ ಹೊರಟೆವು.

ಗಡಿ ಎಂದರೆ ಅಲ್ಲಿ ಒಂದು ಕಮಾನು, ಎರಡು ಚಹದಂಗಡಿ, ಅಂಗಡಿಯ ಬೋರ್ಡಿನ ಅಕ್ಷರ ಬದಲಾಗುತ್ತದೆ, ಅಷ್ಟೇ. ಎರಡೂ ಕಡೆ ಅದೇ ದ್ರಾಕ್ಷಿ ಚಪ್ಪರ, ಅದೇ ಕರಿ ಮೋಡ. ಎಷ್ಟೋ ಸಲ ದಾಟಿದ್ದೇನೆ, ಈ ಸಲ ಮಾತ್ರ ಎಂಜಿನಿಯರ್ ಮೇಜು ಕುಟ್ಟಿದ ಸದ್ದು ಕಿವಿಯಲ್ಲಿತ್ತು. ಕರ್ನಾಟಕದವರು ಮಾತಿಗೆ ತಪ್ಪಿದರು ಎಂಬ ಸುದ್ದಿ ಅಲ್ಲಿನ ಸಂಘದಲ್ಲಿ ಹಬ್ಬಲು ಎಷ್ಟು ಹೊತ್ತು? ಸುರಂಗ ಬಿಚ್ಚಿಕೊಂಡು ಹೋಗುತ್ತಾರೆ. ಯಜಮಾನರ ಹಣ್ಣನ್ನು ಹೊರಗೆ ಹಾಕಿದರೆ ಏನು ಮಾಡುವುದು? ಅವರ ಇಡೀ ವರ್ಷದ ತೋಟ ಅಲ್ಲಿದೆ.

"ಅವರ ಕಡಿ ನಿನ್ನೆ ಚಲೋ ಬಿಸಲಿತ್ತು" ಎಂದು ಯಜಮಾನರು ಒಮ್ಮೆ ತಮ್ಮಷ್ಟಕ್ಕೆ ಅಂದುಕೊಂಡರು. "ನನ್ ಹಣ್ಣು ಅಲ್ಲೆ ಸುಖದಾಗ ಅದಾವ."

ಆಕೆಯ ತೋಟ ತಲುಪಿದಾಗ ಹೊತ್ತು ನೆತ್ತಿಯ ಮೇಲಿತ್ತು, ಮೋಡದಲ್ಲಿ ಕಾಣುತ್ತಿರಲಿಲ್ಲ. ನಮ್ಮನ್ನು ನೋಡಿ ಆಕೆಯ ಮುಖ ಬಿಳಿಚಿತು. ಸುದ್ದಿ ಹೇಗೋ ಮುಟ್ಟಿಬಿಟ್ಟಿದೆ ಎಂದುಕೊಂಡೆ. ಗಡಿಯಾಚೆಯ ಆ ಭಾಗದವರ ಮನೆಮಾತು ನಮ್ಮದೇ ಕನ್ನಡ, ನಡುನಡುವೆ ಮರಾಠಿ.

"ಬರ್ರಿ, ಬಸಾ ಬಸಾ, ಕೂಡ್ರಿ. ಹೇಳದ ಕೇಳದ ಬಂದೀರಲ್ಲ. ಮೊದಲ ಚಹಾ ಆಗ್ಲಿ."

"ಚಹಾ ಆಮ್ಯಾಲ ಕುಡಿಯೂಣ್ರಿ. ಸುರಂಗ..." ಎಂದೆ.

"ಸುರಂಗ ಎಲ್ಲಿ ಓಡಿ ಹೊಕ್ಕೈತಿ? ಚಹಾ ಕುಡೀರಿ. ಅವಲಕ್ಕಿ ಮಾಡ್ಲಿ? ಬಿಸಿ ಭಾಕ್ರಿ ಮಾಡ್ಲಿ?"

ಚಹ ಬಂತು. ಕುಡಿದೆವು. ಇನ್ನೊಂದು ಸಲ ತಂದರು. ಅದನ್ನೂ ಕುಡಿದೆವು. ಮಗಳ ಮನೆಯ ಸುದ್ದಿ ಹೇಳಿದರು, ಎಮ್ಮೆ ಕರು ಹಾಕಿದ್ದು ಹೇಳಿದರು. ಕೂತ ಕಡೆಯಿಂದ ಸುರಂಗ ಕಾಣುತ್ತಿತ್ತು, ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿದ್ದರು. ನಾನು ಎದ್ದರೆ ಆಕೆಯೂ ಎದ್ದು ಅಡ್ಡ ನಿಲ್ಲುತ್ತಿದ್ದರು. ಇವರಿಗೆ ಗೊತ್ತಾಗಿದೆ, ಸಂಘದ ಹಿರಿಯರು ಬರಲಿ ಎಂದು ಕಾಯುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ.

ಯಜಮಾನರಿಗೆ ತಡೆಯಲಾಗಲಿಲ್ಲ. ಕರವಸ್ತ್ರ ಬಿಚ್ಚಿ ಆಕೆಯ ಮುಂದಿಟ್ಟರು. ಹಣ್ಣು ಆ ಮಬ್ಬಿನಲ್ಲೂ ಹೊಳೆಯಿತು.

"ಇವು ನಿಮ್ಮ ಹಣ್ಣ್ರಿ ತಂಗಿ. ಉಳದಾವ. ಖರೇ ಗಂಧಕ ಹಚ್ಚಿ ಉಳಿಸೀನಿ. ಮಾತು ಮುರದೀನಿ. ಇವರದೇನೂ ತಪ್ಪಿಲ್ಲ, ಇವರಿಗೆ ಇವತ್ತ ಗೊತ್ತಾತು. ಏನ್ ಅನ್ನೂದಿದ್ರೂ ನನಗನ್ರಿ."

ಆಕೆ ಹಣ್ಣು ನೋಡಿದರು, ಯಜಮಾನರನ್ನು ನೋಡಿದರು. ಬೈಗುಳಕ್ಕೆ ನಾನು ಮೈ ಗಟ್ಟಿ ಮಾಡಿ ಕೂತೆ. ಆಕೆ ಬೈಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಆಮೇಲೆ ಎದ್ದು, "ಬರ್ರಿ" ಎಂದು ಮುಂದೆ ನಡೆದರು. ಸುರಂಗದ ಬಾಗಿಲಿನ ಗೋಣಿತಟ್ಟು ಎತ್ತಿದರು.

ಕೆಳಗಿನ ಸಾಲುಗಳೆಲ್ಲ ಕಪ್ಪು. ಹಣ್ಣು ಒಂದಕ್ಕೊಂದು ಅಂಟಿ, ಮೇಲೆ ಬೂದು ಬಣ್ಣದ ನವಿರು ಎದ್ದಿತ್ತು. ಹೆಂಡದಂಥ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಅವು ಯಜಮಾನರ ತೋಟದ ಹಣ್ಣು.

"ನಮ್ಮಲ್ಲೂ ಫ್ಯಾನ್ ನಿಂತಿದ್ವು ಅಣ್ಣಾರ" ಎಂದು ಆಕೆ ಬಿಕ್ಕುತ್ತ ಹೇಳಿದರು. "ಗಂಧಕದ ಡಬ್ಬಿ ಕೈಯಾಗ ಹಿಡ್ಕೊಂಡ ನಿಂತಿದ್ದೆ. ಕಡ್ಡಿ ಗೀರಿದೆ, ಆರಿಸಿದೆ. ಮತ್ತ ಗೀರಿದೆ. ಕೊಟ್ಟ ಮಾತು ಹೆಂಗ್ ಮುರೀಲಿ ಅಂತ ಕೈ ಕಟ್ಟಿ ಕುಂತೆ. ಕಣ್ ಮುಂದ ನಿಮ್ಮ ಹಣ್ಣು ಕೆಟ್ಟು ಹ್ವಾದ್ವು. ಮಂದಿ ಮಾಲು ಕೆಡಿಸಿದ ಪಾಪ ನನಗ ಬಂತು."

"ಬಿಸಲಿನ ಫೋಟೋ?" ಎಂದೆ, ಗೊತ್ತಿದ್ದೂ.

"ಹಳೇದ್ರಿ. ಫ್ಯಾನ್ ನಿಂತಿದ್ದು ಮುಚ್ಚಾಕ ಕಳಿಸಿಬಿಟ್ಟೆ. ಆಮ್ಯಾಲ ನಿಮ್ಮ ಕಡಿ ಬಿಸಲು ಕಂಡ್ತು. ನಮ್ಮದೊಂದ ಕೆಟ್ಟೈತಿ ಅಂತ ಹೇಳಾಕ ಅಂಜಿಕಿ ಬಂತು."

ನಾನು ಯಜಮಾನರ ಮುಖ ನೋಡುವ ಧೈರ್ಯ ಮಾಡಲಿಲ್ಲ. ವರ್ಷವಿಡೀ ಕೈಯಾರೆ ಬಳ್ಳಿ ಕತ್ತರಿಸಿ ಚಾಟ್ನಿ ಮಾಡಿ, ಗೊನೆ ತಿದ್ದಿ ಬೆಳೆದ ಹಣ್ಣು. ಈಗ ಏನಾದರೂ ಅಂದರೆ ಎಲ್ಲವೂ ಇಲ್ಲಿಗೆ ಮುರಿಯುತ್ತದೆ, ಅನ್ನದಿದ್ದರೆ ಅವರ ಹೊಟ್ಟೆಯೊಳಗೆ ಉಳಿಯುತ್ತದೆ. ಯಾವುದು ಹೆಚ್ಚು ಅಪಾಯ ಎಂದು ನನಗೆ ತಿಳಿಯಲಿಲ್ಲ. ಅವರು ಕೆಳಗಿನ ತಟ್ಟೆಯೊಂದನ್ನು ಮುಟ್ಟಿದರು. ಬೆರಳನ್ನು ಮೂಸಿ ನೋಡಿದರು.

"ಅಳೂದು ಬಿಡ್ರಿ ತಂಗಿ" ಎಂದರು. "ಮೊದಲ ಇವನ್ನ ಹೊರಗ ಹಾಕೂಣ. ಇಲ್ಲಾಂದ್ರ ಮ್ಯಾಲಿನವನ್ನೂ ಕೆಡಸ್ತಾವ."

ಪಟಗ ತೆಗೆದು ಕಮಾನಿಗೆ ಸಿಕ್ಕಿಸಿ, ಮೊದಲ ತಟ್ಟೆ ಅವರೇ ಎತ್ತಿದರು. ಇನ್ನೊಂದು ತುದಿಯನ್ನು ಆಕೆ ಹಿಡಿದರು. ಮೂವರೂ ಸೇರಿ ಕೆಟ್ಟ ತಟ್ಟೆಗಳನ್ನೆಲ್ಲ ಹೊರಗೆ ಸುರಿದೆವು. ಮೇಲಿನ ಸಾಲಿನವು ಒಂದಿಷ್ಟು ಉಳಿದಿದ್ದವು, ಅವನ್ನು ತೆರೆದ ಶೆಡ್ಡಿಗೆ ಒಯ್ದು ತೆಳ್ಳಗೆ ಹರಡಿದೆವು. ಕೆಲಸದ ನಡುವೆ ನಾನು ಎಂಜಿನಿಯರಿಗೆ ಫೋನು ಮಾಡಿ, ಇಲ್ಲಿಗೆ ಬನ್ನಿ ಎಂದಷ್ಟೇ ಹೇಳಿದೆ.

ಅವರು ಬಂದರು. ಹೊರಗಿನ ರಾಶಿ ನೋಡಿದರು, ಕರವಸ್ತ್ರದ ಹಣ್ಣು ನೋಡಿದರು, ನಾನು ಎರಡೂ ಕಥೆ ಹೇಳಿದೆ. ಮೇಜಿರಲಿಲ್ಲ, ಇದ್ದಿದ್ದರೆ ಕುಟ್ಟುತ್ತಿದ್ದರು. "ಮಲಾ ಫೋನ್ ಕಾ ನಾಹೀ ಕೇಲಾ?" ಎಂದರು ಸಣ್ಣ ದನಿಯಲ್ಲಿ. ನನಗೆ ಯಾಕೆ ಫೋನು ಮಾಡಲಿಲ್ಲ? ಅವರ ಜನರೇಟರ್ ಎರಡು ದಿನ ವರ್ಕ್‌ಶಾಪಿನಲ್ಲಿ ತಾಡಪತ್ರಿ ಹೊದ್ದುಕೊಂಡು ಸುಮ್ಮನೆ ನಿಂತಿತ್ತು. ಆಮೇಲೆ ಅವರೇ ಕಲ್ಲಿನ ಮೇಲೆ ಕೂತು, ತಮ್ಮ ತಲೆಯ ಮೇಲೂ ಮೋಡ ಇದ್ದರೂ ಎರಡೂ ಬಿಸಿಲಿನ ಫೋಟೋ ನೋಡಿ ಯಂತ್ರ ಗೆದ್ದಿತು ಎಂದು ಹಿಗ್ಗಿ ಸುಮ್ಮನಾದದ್ದಾಗಿ ಹೇಳಿದರು. ನಾನೂ ಹಾಗೇ ಮಾಡಿದ್ದೆ. ಅದನ್ನೂ ಹೇಳಿದೆ.

"ಗಂಧಕ ಹಚ್ಚಿದ್ರ ಮುಗೀತು ಅಂದಿದ್ರಿ" ಎಂದು ಯಜಮಾನರು ನೆನಪಿಸಿದರು. ಸುಮ್ಮನಿರಬಾರದೇ ಎಂದುಕೊಂಡೆ. "ಮುಗೀತಂದ್ರ ಹೇಳಿಬಿಡ್ರಿ. ಸುರಂಗ ಬಿಚ್ಚಾಕ ನಾನೂ ಕೈ ಹಚ್ಚತೇನಿ."

ಎಂಜಿನಿಯರ್ ಬಾಯಿ ತೆರೆಯುವ ಮೊದಲೇ ಆಕೆ ನಡುವೆ ಬಂದರು. "ಯಾಕ ಮುಗೀಬೇಕು? ನಾ ಮಾತು ಉಳಿಸೀನಿ ಅಂತ ಇವರ ವರ್ಷದ ಹಣ್ಣು ಬರ್ತೈತೇನು? ಯಂತ್ರ ಇಬ್ಬರಿಗೂ ಕೈ ಕೊಟ್ಟೈತಿ. ಅದನ್ನ ನೆಟ್ಟಗ ಮಾಡ್ರಿ ಮೊದಲ."

ಎಂಜಿನಿಯರ್ ಆಗಲಿ ಎಂದು ತಲೆಯಾಡಿಸಿದರು.

ಅಲ್ಲೇ ಕೂತು ಮಾತಾಡಿದೆವು. ತೆರೆದ ಶೆಡ್ಡಿನಲ್ಲಿ ಮೋಡದ ದಿನವೂ ಒಂದಿಷ್ಟು ಗಾಳಿಯಾಡುತ್ತದೆ. ಮುಚ್ಚಿದ ಸುರಂಗದಲ್ಲಿ ಕಾವು ನಿಂತರೆ ಹಣ್ಣಿನ ನೀರು ಹಾಳೆಗೆ ತಾಗಿ ಮತ್ತೆ ಹಣ್ಣಿನ ಮೇಲೇ ಬೀಳುತ್ತದೆ. ಬರೀ ಫ್ಯಾನು ತಿರುಗಿದರೆ ಸಾಲದು, ಬಿಸಿಲಿಲ್ಲದಾಗ ಬೇರೆ ಕಾವು ಬೇಕು. ಎಂಜಿನಿಯರ್ ಮೊದಲು ಒಂದು ಒಲೆಯ ನಕ್ಷೆ ಮಾಡಿ, ಹೊಗೆ ಹಣ್ಣಿಗೆ ತಾಗುತ್ತದೆಂದು ಕೈಬಿಟ್ಟಿದ್ದರಂತೆ. ಹೊಗೆಯನ್ನು ಕೊಳವೆಯೊಳಗೇ ಹೊರಗೆ ಸಾಗಿಸಿ, ಆ ಬಿಸಿ ಕೊಳವೆಯ ಸುತ್ತಲಿನ ಶುದ್ಧ ಗಾಳಿಯನ್ನಷ್ಟೇ ಒಳಗೆ ಬಿಟ್ಟರೆ ಹೇಗೆ ಎಂದು ನಾನು ಕೇಳಿದೆ. ಉರುವಲಿಗೆ ಬರವಿರಲಿಲ್ಲ. ಚಾಟ್ನಿ ಮಾಡಿದಾಗ ಕತ್ತರಿಸಿದ ದ್ರಾಕ್ಷಿ ಕಡ್ಡಿ ಎರಡೂ ರಾಜ್ಯದ ಬದುಗಳ ಮೇಲೆ ಒಣಗಿ ಬಿದ್ದಿರುತ್ತದೆ.

ಉಳಿದದ್ದು ಖರೀದಿದಾರರಿಗೆ ತಿಳಿಸುವುದು. ಆ ಫೋನು ನಾನೇ ಮಾಡಬೇಕಿತ್ತು. ಎರಡೂ ಕಡೆ ಮಾದರಿ ಇಲ್ಲ, ಒಂದು ಕಡೆ ಗಂಧಕ ತಾಗಿದೆ, ಇನ್ನೊಂದು ಕಡೆ ಕೆಟ್ಟಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸೀಜನ್ ಮುಗಿಯುವುದರೊಳಗೆ ಇನ್ನೊಮ್ಮೆ ಮಾಡಿ, ಇಲ್ಲದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಇಟ್ಟರು.

ಬಬಲೇಶ್ವರದ ಕಡೆ ತಡವಾಗಿ ಚಾಟ್ನಿ ಮಾಡಿದ ಒಂದು ತೋಟದಲ್ಲಿ ಹಣ್ಣು ಇನ್ನೂ ಬಳ್ಳಿಯ ಮೇಲಿತ್ತು, ಅದನ್ನು ಯಜಮಾನರೇ ಹೋಗಿ ಮಾತಾಡಿ ತಂದರು. ಆಚೆಯ ಆಕೆಯ ತೋಟದಲ್ಲೂ ತಡವಾದ ಒಂದು ತುಂಡಿತ್ತು. ಎಂಜಿನಿಯರ್ ಎರಡು ಒಲೆ ಬೆಸೆದು ಕೊಟ್ಟರು. ಈ ಸಲ ಹಣ್ಣು ಅದಲುಬದಲು ಬೇಡ, ಅವರವರದು ಅವರವರ ಹತ್ತಿರ ಇರಲಿ, ಜಗಳ ತಪ್ಪುತ್ತದೆ ಎಂದು ನಾನು ಹೇಳಿದ್ದೆ. ಹಣ್ಣು ತುಂಬಿದ ಟ್ರ್ಯಾಕ್ಟರು ಮಾತ್ರ ಆಚೆಯಿಂದ ಸೀದಾ ತಿಕೋಟಾಕ್ಕೆ ಬಂತು. ಫೋನು ಮಾಡಿದರೆ ಆಕೆ, "ನನ್ ಹಣ್ಣು ಆ ಅಣ್ಣಾರ ಸುರಂಗದಾಗ ಇರ್ಲಿ. ತಮ್ಮದು ಬಿಟ್ಟು ನಂದು ಕಾಯ್ದಾರ ಅವ್ರು. ಅಂಥವ್ರು ಬ್ಯಾರೆ ಎಲ್ಲಿ ಸಿಗ್ತಾರ?" ಎಂದರು. ಯಜಮಾನರಿಗೆ ಹೇಳಿದೆ. ಅವರು ಟ್ರ್ಯಾಕ್ಟರಿನ ಹಿಂದೆ ಹೋಗಿ ಬಹಳ ಹೊತ್ತು ಹಗ್ಗ ಬಿಚ್ಚಿದರು. ಆಮೇಲೆ ಬಬಲೇಶ್ವರದ ಹಣ್ಣನ್ನು ಅದೇ ಟ್ರ್ಯಾಕ್ಟರಿಗೆ ಹೇರಿ ಆಕೆಯ ಸುರಂಗಕ್ಕೆ ಕಳಿಸಿದರು.

ಆ ದಿನವೇ ಗಂಧಕದ ಡಬ್ಬಿ ತಂದು ನನ್ನ ಚೀಲಕ್ಕೆ ತುರುಕಿದರು. "ಇದನ್ನ ನಿಮ್ಮ ಮನೀಗೆ ಒಯ್ರಿ. ಇಲ್ಲೆ ಇದ್ರ ನನ್ ಕೈಮ್ಯಾಲ ನನಗ ಭರೋಸಾ ಇಲ್ಲ."

ಮೋಡ ಮತ್ತೆ ಬಂತು. ಬರದೆ ಎಲ್ಲಿ ಹೋಗುತ್ತದೆ? ನಾನು ವಿಜಯಪುರದಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಕಣ್ಣು ಕತ್ತಲಾದಂತೆ ಆಕಾಶ ಕವಿಯಿತು. ಫೋನು ಸದ್ದು ಮಾಡಿತು. ಗುಂಪಿನಲ್ಲಿ ಯಜಮಾನರ ಫೋಟೋ, ಸುರಂಗದ ಹಾಳೆ ಮಂಕಾಗಿ, ಅದರ ಮೇಲೆ ಕರಿ ಮೋಡ ದಂಡು ಕಟ್ಟಿಕೊಂಡು ನಿಂತಿತ್ತು. ಕೆಳಗೆ ಅವರ ದನಿ. "ಮ್ವಾಡ ಆಗೈತ್ರಿ. ಫ್ಯಾನ್ ಸಣ್ಣಗ ತಿರಗಾಕತ್ತಾವ. ಒಲಿ ಹಚ್ಚೇನಿ. ಖರೇ ಹೇಳ್ತೇನಿ, ಹೆದರಿಕಿ ಆಗಾಕತ್ತೈತಿ."

ನಾನು ಬಟ್ಟೆ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ದಾರಿಯಲ್ಲಿ ಆಚೆಯ ಆಕೆಯ ದನಿ ಬಂತು. "ಇಲ್ಲೂ ಹಂಗ ಐತಿ ಅಣ್ಣಾರ. ನನಗೂ ಹೆದರಿಕಿ." ಅದರ ಬೆನ್ನಿಗೇ ಎಂಜಿನಿಯರದು ಒಂದೇ ಮಾತು. "ನಿಘಾಲೋ." ಹೊರಟಿದ್ದೇನೆ ಎಂದು.

ನಾನು ತಲುಪಿದಾಗ ಮಳೆ ಜೋರಾಗಿತ್ತು. ಜನರೇಟರ್ ಆಚೆಯ ಸುರಂಗಕ್ಕೆ ಹೋಗಿತ್ತು, ಅಲ್ಲಿನ ಬ್ಯಾಟರಿ ಮೊದಲು ಸತ್ತಿತ್ತು. ಎಂಜಿನಿಯರ್ ನಮಗೆ ತಮ್ಮ ಟ್ರಕ್ಕಿನ ಬ್ಯಾಟರಿ ಬಿಚ್ಚಿ ಕಳಿಸಿದ್ದರು. ಯಜಮಾನರು ಒಲೆಯ ಮುಂದೆ ಕೂತು ದ್ರಾಕ್ಷಿ ಕಡ್ಡಿ ತುರುಕುತ್ತಿದ್ದರು, ಮುಖದ ತುಂಬ ಮಸಿ. ಫೋನು ಕಲ್ಲಿನ ಮೇಲೆ ಇತ್ತು, ಅದರೊಳಗಿಂದ ಆಕೆ ಕೂಗಿ ಕೇಳುತ್ತಿದ್ದರು, "ನಮ್ಮವು ಹೆಂಗದಾವ್ರಿ?"

ಯಜಮಾನರು ಬಾಗಿಲು ಸರಿಸಿ ಕೈ ಒಳಗಿಟ್ಟು ನೋಡಿದರು. "ಬೆಚ್ಚಗದಾವ. ನಮ್ಮವು?"

ಆ ಕಡೆ ಬಾಗಿಲು ಸರಿದ ಸದ್ದಾಯಿತು. "ಬೆಚ್ಚಗದಾವ್ರಿ."

ಒಣಗಿದ ಮೇಲೆ ಹಣ್ಣು ಬಂಗಾರದ ಬಣ್ಣಕ್ಕೆ ಬರಲಿಲ್ಲ, ಹಸಿರು ಬೆರೆತ ಕಂದು. ಯಜಮಾನರಿಗೆ ಆ ಬಣ್ಣ ಇಂದಿಗೂ ಸೇರುವುದಿಲ್ಲ. ಎರಡೂ ಸುರಂಗದ ಮಾದರಿಗೆ ನನ್ನ ಪಟ್ಟಿ ಬಿಳಿಯಾಗಿಯೇ ಉಳಿಯಿತು, ಖರೀದಿದಾರರ ಪರೀಕ್ಷೆಯಲ್ಲೂ ಪಾಸಾಯಿತು. ಕೇಂದ್ರವನ್ನು ಗಡಿಯ ಕಮಾನಿನ ಈಚೆ ಕಟ್ಟಬೇಕೋ ಆಚೆ ಕಟ್ಟಬೇಕೋ ಎಂಬ ಜಗಳ ಇನ್ನೂ ನಡೆದಿದೆ, ಚಹ ಕುಡಿಯುತ್ತ ಜಗಳಾಡುತ್ತೇವೆ. ಗಂಧಕದ ಡಬ್ಬಿ ನಮ್ಮ ಮನೆಯ ಅಟ್ಟದ ಮೇಲಿದೆ. ಆಕಾಶ ಕಪ್ಪಾದಾಗಲೆಲ್ಲ ಯಜಮಾನರ ಫೋನು ಬರುತ್ತದೆ.

"ಡಬ್ಬಿ ಐತಲ್ಲರಿ?"

"ಐತ್ರಿ."

"ನಾ ಕೇಳಿದ್ರೂ ಕೊಡಬ್ಯಾಡ್ರಿ ಮತ್ತ" ಎಂದು ಹೇಳಿ ಇಡುತ್ತಾರೆ.